ತೊಗಲಿನ ಕೋಣೆಗೆ ತಂದ ತೇವ ಹೀರುವ ಯಂತ್ರ: ಒಂದು ಮಳೆಗಾಲದ ಬಳಕೆಯ ನಂತರ

ದುಡಿ ಎಂಬ ಸಣ್ಣ ಚರ್ಮವಾದ್ಯಕ್ಕೆ ಹೊದಿಸಲೆಂದು ನಾನು ಆಡಿನ ತೊಗಲುಗಳನ್ನು ಮನೆಯಲ್ಲೇ ಒಣಗಿಸಿ ಇಟ್ಟುಕೊಳ್ಳುತ್ತೇನೆ. ಹಿಂದೆ ಅವನ್ನು ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ತೂಗುಹಾಕುತ್ತಿದ್ದೆವು. ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಳೆಯಲ್ಲಿಯೂ ಹೊಗೆ ಮತ್ತು ಶಾಖ ಸೇರಿ ಬೂಷ್ಟು ಹತ್ತದಂತೆ ಕಾಯುತ್ತಿದ್ದವು. ಅಡುಗೆ ಗ್ಯಾಸಿಗೆ ಬದಲಾದ ಮೇಲೆ ಆ ರಕ್ಷಣೆ ತಪ್ಪಿಹೋಯಿತು. ಹೀಗಾಗಿ ಕಳೆದ ಮಳೆಗಾಲಕ್ಕೆ ಮುಂಚೆ, ದಿನಕ್ಕೆ 12 ಲೀಟರ್ ನೀರು ಹೀರುತ್ತದೆಂದು ಡಬ್ಬದ ಮೇಲೆ ಬರೆದಿದ್ದ ಡಿಹ್ಯೂಮಿಡಿಫೈಯರ್ ಒಂದನ್ನು ತಂದೆ.

ಈ 12 ಲೀಟರ್ ಎಂಬ ಲೆಕ್ಕ 30 ಡಿಗ್ರಿ ಶಾಖ ಮತ್ತು ಶೇ. 80ರಷ್ಟು ತೇವಾಂಶವಿರುವ ಕೋಣೆಯದು. ಜುಲೈನಲ್ಲಿ 20 ಡಿಗ್ರಿಯ ಆಸುಪಾಸಿನಲ್ಲಿರುವ ನಮ್ಮ ಕೋಣೆಯಲ್ಲಿ ಅದರ ಅರ್ಧದಷ್ಟೂ ನೀರು ಸೇರಲಿಲ್ಲ. ಕೊಳ್ಳುವವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೊದಲ ವಾರ ಹೆಂಚಿನ ಸಂದುಗಳಿಂದ ಹಸಿ ಗಾಳಿ ಒಳನುಗ್ಗುತ್ತಿದ್ದುದರಿಂದ ಯಂತ್ರ ದಿನವಿಡೀ ಓಡಿದರೂ ತೇವ ಇಳಿಯಲಿಲ್ಲ. ಮಾಡಿನ ಕೆಳಗೆ ಟಾರ್ಪಾಲು ಬಿಗಿದು ಕಿಟಕಿಯ ಸಂದುಗಳನ್ನು ಮುಚ್ಚಿದ ಮೇಲೆಯೇ ಅದು ಶೇ. 58ಕ್ಕೆ ಬಂದು ನಿಂತಿತು. ಯಂತ್ರದ ಮುಖದಲ್ಲಿ ತೋರುವ ಅಂಕಿಯನ್ನು ನಂಬಬೇಡಿ. ತೊಗಲುಗಳ ನಡುವೆ ಬೇರೊಂದು ಸಣ್ಣ ತೇವಮಾಪಕವನ್ನು ತೂಗುಹಾಕಿ ಅದನ್ನೇ ನೋಡಿ. ನನ್ನಲ್ಲಿ ಎರಡರ ಅಂಕಿಗಳಿಗೂ ಶೇಕಡಾ ಏಳು ಅಂಶಗಳ ವ್ಯತ್ಯಾಸವಿತ್ತು.

ಶೇ. 60ರ ಒಳಗೆ ಹಿಡಿದಿಟ್ಟರೆ ಬೂಷ್ಟು ಬೆಳೆಯಲು ಬೇಕಾದ ತೇವ ತೊಗಲಿಗೆ ಸಿಗುವುದಿಲ್ಲ. ಉಪ್ಪು ಹಚ್ಚಿದ ತೊಗಲುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಗಾಳಿಯ ತೇವಾಂಶ ಶೇ. 75 ದಾಟಿದೊಡನೆ ಉಪ್ಪೇ ನೀರು ಹೀರಿ ಕರಗತೊಡಗುತ್ತದೆ. ಕಾಪಾಡಲೆಂದು ಹಚ್ಚಿದ್ದೇ ತೊಗಲನ್ನು ತೋಯಿಸುತ್ತದೆ. ಹಾಗೆಂದು ಶೇ. 40ರ ಕೆಳಗೆ ಇಳಿಸಿದರೆ ತೊಗಲು ಪೆಡಸಾಗಿ ಮಡಿಕೆಯಲ್ಲಿ ಸೀಳುವ ಭಯವಿದೆ.

ನನಗೆ ನಿಜವಾಗಿ ನೋವಾದದ್ದು ಒಂದೇ ಕೊರತೆಯಿಂದ. ಕರೆಂಟು ಹೋಗಿ ಬಂದ ಮೇಲೆ ಈ ಯಂತ್ರ ತಾನಾಗಿ ಚಾಲೂ ಆಗುವುದಿಲ್ಲ. ಮರ ಬಿದ್ದು ತಂತಿ ಕಡಿಯುವುದು ನಮ್ಮಲ್ಲಿ ಮಳೆಗಾಲದ ನಿತ್ಯದ ಮಾತು. ಆಗಸ್ಟಿನಲ್ಲಿ ನಾನು ಮೂರು ದಿನ ಊರಲ್ಲಿಲ್ಲದಾಗ ಅದು ನಿಂತೇ ಇತ್ತು. ಮರಳಿ ಬಂದಾಗ, ಒಂದರ ಮೇಲೊಂದು ಅಡಕಿದ್ದ ಎರಡು ತೊಗಲುಗಳ ನಡುವೆ ಬಿಳಿ ಬೂಷ್ಟು ಹರಡಿತ್ತು. ಬಿದಿರಿನ ಗಳದ ಮೇಲೆ ಬಿಡಿಬಿಡಿಯಾಗಿ ನೇತುಹಾಕಿದ್ದವು ಉಳಿದಿದ್ದವು. ಯಂತ್ರ ಕೊಳ್ಳುವವರು ತಾನಾಗಿ ಮರುಚಾಲನೆಗೊಳ್ಳುವ ಸೌಲಭ್ಯ ಇದೆಯೇ ಎಂದು ಅಂಗಡಿಯಲ್ಲಿಯೇ ಪ್ಲಗ್ ಕಿತ್ತು ಹಾಕಿ ಪರೀಕ್ಷಿಸುವುದು ಒಳ್ಳೆಯದು.

ಬೂಷ್ಟು ಹಿಡಿದ ಆ ಎರಡನ್ನೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಅಂಗಳದ ತುದಿಗೆ ಒಯ್ದು, ಮೆತ್ತನೆಯ ಬ್ರಷ್‌ನಿಂದ ಕೊಡವಿ, ಮೂಲೆಯಲ್ಲಿ ಪರೀಕ್ಷಿಸಿದ ನಂತರ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಿಸಿದೆ. ಬೂಷ್ಟು ಹೋಯಿತು, ಕಲೆ ಉಳಿಯಿತು. ಹತ್ತಿದ ಬೂಷ್ಟನ್ನು ತೆಗೆಯುವುದು ಯಂತ್ರದ ಕೆಲಸವಲ್ಲ. ಹತ್ತದಂತೆ ತಡೆಯುವುದರಲ್ಲಿ ಮಾತ್ರ ಅದು ಕೊಟ್ಟ ಹಣಕ್ಕೆ ತಕ್ಕಂತಿದೆ. ನೀರಿನ ತೊಟ್ಟಿ ಎರಡೇ ಲೀಟರಿನದಾದ್ದರಿಂದ ಕೊಳವೆ ಜೋಡಿಸಿ ಹೊರಗೆ ಬಿಡುವುದು ಅನಿವಾರ್ಯ. ಸದ್ದು ಫ್ರಿಜ್ಜಿಗಿಂತ ಹೆಚ್ಚು. ಈ ಜೂನ್‌ಗೆ ಇನ್ವರ್ಟರಿನ ಸಂಪರ್ಕ ಕೊಟ್ಟು ಮತ್ತೆ ಇದನ್ನೇ ಬಳಸಲಿದ್ದೇನೆ.