ಮನೆಯಲ್ಲೇ ಡಿಫರೆನ್ಶಿಯಲ್ ಇಳಿಸಲು ಮೂರು ಜಾಕ್: ನನ್ನ ಓಟು ಕತ್ತರಿ ಜಾಕ್‌ಗೆ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಡಿಫರೆನ್ಶಿಯಲ್ (ಇಂಜಿನ್ ಶಕ್ತಿಯನ್ನು ಎರಡೂ ಕಡೆಯ ಚಕ್ರಕ್ಕೆ ಹಂಚುವ ಗೇರ್ ಗಡ್ಡೆ) ಬದಲಾಯಿಸುವವರು ಬೈಕ್ ಎತ್ತುವ ಕತ್ತರಿ ಜಾಕ್ ತಗೊಳ್ಳಿ. ಹೌದು, ಬೈಕ್‌ದೇ. ಬೆಂಗಳೂರಿನ ಎಸ್‌ಜೆಪಿ ರೋಡಿನ ಅಂಗಡಿಯಲ್ಲಿ "ಕಾರಿಗೆ ಇದ್ಯಾಕೆ ಸಾರ್?" ಅಂತ ನಕ್ಕರು. ಮನೆಯಲ್ಲಿದ್ದ ಚಕ್ರದ ಟ್ರಾಲಿ ಜಾಕ್, ಬಾಡಿಗೆಗೆ ತಂದ, ಗೇರ್‌ಬಾಕ್ಸ್ ಇಳಿಸುವ ಟ್ರಾನ್ಸ್‌ಮಿಷನ್ ಜಾಕ್ ಎರಡರ ಹಣೆಬರಹವನ್ನೂ ನೋಡಿದ ಮೇಲೆ ಕೊಂಡದ್ದು ಇದು.

ಗಾಡಿ ಹಳೆಯ ಮಾರುತಿ ಜಿಪ್ಸಿ. ವೇಗ 60 ದಾಟಿದರೆ ಹಿಂದಿನಿಂದ ಊಳಿಡುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಒಂದು ರಾಗ, ಕಾಲು ತೆಗೆದರೆ ಇನ್ನೊಂದು. ಹೀಗೆ ರಾಗ ಬದಲಾದರೆ ಸಾಮಾನ್ಯವಾಗಿ ಕ್ರೌನ್ ಪಿನಿಯನ್ (ಡಿಫರೆನ್ಶಿಯಲ್ ಒಳಗಿನ ದೊಡ್ಡ ಮತ್ತು ಚಿಕ್ಕ ಗೇರ್ ಜೋಡಿ) ಕಡೆಯೇ ಅನುಮಾನ. ಜೆಸಿ ರೋಡಿನಲ್ಲಿ ಹೊಸ ಸೆಟ್ ತರಬಹುದಿತ್ತು. ಆದರೆ ಅದನ್ನು ಕೂರಿಸಲು ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಪಿನಿಯನ್ ಹೊಂದಿಸಬೇಕು, ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಅಳೆಯಬೇಕು, ಹಲ್ಲಿಗೆ ಬಣ್ಣ ಬಳಿದು ಗುರುತು ಎಲ್ಲಿ ಬೀಳುತ್ತದೆ ಅಂತ ನೋಡಬೇಕು. ಭಾನುವಾರದ ಮೆಕ್ಯಾನಿಕ್‌ಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಶಿವಾಜಿನಗರದ ಗುಜರಿಯಲ್ಲಿ ಈ ಗೇರ್‌ಗಳನ್ನೆಲ್ಲ ಹೊತ್ತ, ಪೂರ್ತಿ ಜೋಡಿಸಿದ ಕ್ಯಾರಿಯರ್ ಸಿಕ್ಕಿತು, ಅದನ್ನೇ ತಂದುಕೊಂಡೆ. ನೀವೂ ಹಾಗೆ ತರುವುದಾದರೆ ಅಲ್ಲೇ ನಿಂತು ಹಲ್ಲು ಎಣಿಸಿ. ಕ್ರೌನ್‌ನಲ್ಲಿ 41, ಪಿನಿಯನ್‌ನಲ್ಲಿ 11 ಇದ್ದರೆ ಗೇರ್ ಅನುಪಾತ 3.73. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನ ಡಿಫರೆನ್ಶಿಯಲ್‌ಗೂ ಹಿಂದಿನದಕ್ಕೂ ಈ ಅನುಪಾತ ಒಂದೇ ಇರಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡೂ ಜಗ್ಗಾಡಲು ಶುರು ಮಾಡುತ್ತವೆ.

ಈಗ ಟ್ರಾಲಿ ಜಾಕ್. ಎಲ್ಲರ ಮನೆಯಲ್ಲೂ ಇರುವುದು, ಹಾಗಾಗಿ ಎಲ್ಲರೂ ಮೊದಲು ಕೈಹಾಕುವುದು ಇದಕ್ಕೇ. ಜಾಕ್ ಕೆಟ್ಟದ್ದೇನಲ್ಲ, ತಕರಾರು ನಮ್ಮ ನೆಲದ್ದು. ಬೆಂಗಳೂರಿನ ಎಷ್ಟೋ ಮನೆಗಳ ಹಾಗೆ ನಮ್ಮ ಪೋರ್ಟಿಕೋದಲ್ಲೂ ಪಾರ್ಕಿಂಗ್ ಟೈಲ್ಸ್. ಚೌಕ ಚೌಕ ಗೆರೆ, ಸಾಲದ್ದಕ್ಕೆ ಮಳೆನೀರು ಹರಿಯಲಿ ಅಂತ ಗೇಟಿನ ಕಡೆ ಇಳಿಜಾರು. ಟ್ರಾಲಿ ಜಾಕ್ ನೇರವಾಗಿ ಮೇಲೇಳುವುದಿಲ್ಲ. ಅದರ ತೋಳು ಕಮಾನಿನಂತೆ ಏಳುತ್ತದೆ, ತಲೆ ಹಿಂದೆ ಮುಂದೆ ಸರಿಯುತ್ತದೆ. ಕಾರು ಎತ್ತುವಾಗ ಜಾಕೇ ಚಕ್ರದ ಮೇಲೆ ಸ್ವಲ್ಪ ಉರುಳಿ ಅದನ್ನು ಸರಿಮಾಡಿಕೊಳ್ಳುತ್ತದೆ. ಆದರೆ ಆ ಚಿಕ್ಕ ಕಬ್ಬಿಣದ ಚಕ್ರ ಟೈಲ್ಸ್ ಗೆರೆಯಲ್ಲಿ ಸಿಕ್ಕಿಕೊಂಡರೆ ಜಾಕ್ ಉರುಳದು. ಆಗ ಸರಿಯುವುದು ಮೇಲಿರುವ ಭಾರ.

18 ಎಂಎಂ ಪ್ಲೈವುಡ್ ಹಾಸಿದೆ. ಚಕ್ರ ಚೆನ್ನಾಗಿಯೇ ಉರುಳಿತು, ಸೀದಾ ಗೇಟಿನ ಕಡೆಗೆ! ಉರುಳಬಾರದು ಅಂತ ಚಕ್ರಕ್ಕೆ ಕಟ್ಟಿಗೆ ಕೊಟ್ಟರೆ ಮತ್ತೆ ಭಾರ ಸರಿಯುತ್ತದೆ. ಇದರ ಮೇಲೆ ಕ್ಯಾರಿಯರ್‌ನ ಆಕಾರ ಬೇರೆ: ಪಿನಿಯನ್ ಕಡೆ ಮೂತಿ ಚಾಚಿಕೊಂಡಿರುತ್ತದೆ, ಅದು ಕೂರುವ ಗೂಡಿನಿಂದ (ಹೌಸಿಂಗ್) ಬಿಟ್ಟ ಕೂಡಲೇ ಆ ಕಡೆಗೆ ವಾಲುತ್ತದೆ. ಜಾಕ್ ತಲೆಯೋ ಅಂಗೈ ಅಗಲದ ಬಟ್ಟಲು.

ಇನ್ನು ವಾಪಸ್ ಏರಿಸುವಾಗ ಬೇಕಿರುವುದು ಮಿಲಿಮೀಟರ್ ಲೆಕ್ಕದ ಏರಿಳಿತ. ಬೋಲ್ಟ್ ತೂತು ಕೂಡಿಬರಲು ಕೂದಲೆಳೆ ಇಳಿಸಬೇಕು ಅಂದುಕೊಳ್ಳಿ. ಹೈಡ್ರಾಲಿಕ್ ವಾಲ್ವ್ ಚೂರು ತಿರುಗಿಸಿದರೆ ಅಲ್ಲಾಡುವುದಿಲ್ಲ. ಇನ್ನೊಂದು ಚೂರು ತಿರುಗಿಸಿದರೆ ಧೊಪ್ ಅಂತ ಬೆರಳಷ್ಟು ಇಳಿಯುತ್ತದೆ. ಮಲಗಿಕೊಂಡು, ಮುಖದ ಮೇಲೆ ಗೇರ್ ಆಯಿಲ್ ತೊಟ್ಟಿಕ್ಕುವಾಗ, ಇದಕ್ಕಿಂತ ರೇಗಿಸುವ ವಿಷಯ ಬೇರೆ ಇಲ್ಲ.

ಟ್ರಾನ್ಸ್‌ಮಿಷನ್ ಜಾಕ್ ಇಂಥ ಕೆಲಸಕ್ಕೆಂದೇ ಮಾಡಿದ್ದು. ಭಾರ ಕಟ್ಟಲು ಚೈನ್, ತಲೆ ವಾಲಿಸಲು ಸ್ಕ್ರೂ, ಎಲ್ಲ ಇದೆ. ಆ ವಾಲಿಸುವ ಸ್ಕ್ರೂ ಮಾತ್ರ ನಿಜಕ್ಕೂ ಚೆಂದ. ಆದರೆ ಉದ್ದನೆಯ ಕಂಬದಂಥದ್ದು ಲಿಫ್ಟ್ ಇರುವ ಗ್ಯಾರೇಜಿಗೇ ಸರಿ, ಸ್ಟ್ಯಾಂಡ್ ಮೇಲೆ ನಿಂತ ಗಾಡಿ ಕೆಳಗೆ ತೂರುವುದೇ ಇಲ್ಲ. ನಾನು ತಂದದ್ದು ಗಿಡ್ಡದು. ಅಗಲವಾದ ಬುಡ, ತಿರುಗಿಸಲು ಹೋದಲ್ಲೆಲ್ಲ ಸ್ಟ್ಯಾಂಡ್‌ಗೆ ತಾಗುತ್ತಿತ್ತು. ಅದೂ ಚಕ್ರದ ಮೇಲೆಯೇ ನಿಲ್ಲುವುದು, ಅಂದರೆ ಟೈಲ್ಸ್ ಪುರಾಣ ಮತ್ತೆ ಮೊದಲಿನಿಂದ.

ಕತ್ತರಿ ಜಾಕ್ ನೇರ ಏಳುತ್ತದೆ, ನೇರ ಇಳಿಯುತ್ತದೆ. ಚಕ್ರವಿಲ್ಲ. ರ‍್ಯಾಚೆಟ್ ಒಂದು ಹಲ್ಲು ತಿರುಗಿಸಿದರೆ ಅಷ್ಟೇ ಅಷ್ಟು ಏರುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಮೇಲ್ಗಡೆ ರಬ್ಬರ್ ಹಾಕಿದ ಅಗಲ ತಟ್ಟೆ. ಪಿನಿಯನ್ ಮೂತಿ ಕೆಳಗೆ ಮರದ ಬೆಣೆ ಕೊಟ್ಟು, ಲಗೇಜ್ ಕಟ್ಟುವ ರ‍್ಯಾಚೆಟ್ ಬೆಲ್ಟ್ ಬಿಗಿದರೆ ಮುಗಿಯಿತು. ನಿಧಾನ ಹೌದು. ಎತ್ತರ ಸಾಲದಿದ್ದರೆ ಜಾಕ್ ಕೆಳಗೆ ಹಲಗೆ ಜೋಡಿಸಬೇಕು, ಇದೂ ನಿಜ. ಮೇಲಿನ ಎರಡು ಬೋಲ್ಟ್ ಪೂರ್ತಿ ಬಿಚ್ಚದೆ ನಾಲ್ಕು ಸುತ್ತು ಉಳಿಸಿಕೊಂಡು ಕ್ಯಾರಿಯರ್ ಅಲ್ಲಾಡಿಸಿ. ಸೀಲೆಂಟ್ ಅಂಟು ಬಿಡುವುದು ಒಮ್ಮೆಲೇ, ಆ ಎರಡು ಬೋಲ್ಟ್ ಅದನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಜಾಕ್ ತಟ್ಟೆ ತಾಗಿಸಿ ಬಿಚ್ಚಿ.

ಉಳಿದದ್ದು ಬೇಗ ಹೇಳುತ್ತೇನೆ. ಆಯಿಲ್ ಇಳಿಸುವ ಮೊದಲು ತುಂಬುವ ಪ್ಲಗ್ ಬಿಚ್ಚಿ ನೋಡಿ. ಅದು ಜಾಮ್ ಆಗಿದ್ದು, ಇಳಿಸಿದ ಮೇಲೆ ಗೊತ್ತಾದರೆ ಗಾಡಿ ಅಲ್ಲೇ ಕೂರುತ್ತದೆ. ಡಿಫರೆನ್ಶಿಯಲ್‌ಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಕಳಚುವ ಮುಂಚೆ, ಎರಡೂ ಕೂಡುವ ಫ್ಲ್ಯಾಂಜ್ ಮೇಲೆ ಪೇಂಟ್ ಗೆರೆ ಎಳೆಯಿರಿ. ಶಾಫ್ಟ್ ಹೋದ ಮೇಲೆ ಹಿಂದಿನ ಚಕ್ರಕ್ಕೆ ಗೇರ್ ಹಿಡಿತ ಇರುವುದಿಲ್ಲ, ಡ್ರಮ್ ಬಿಚ್ಚಿದರೆ ಹಿಂದಿನ ಬ್ರೇಕೂ ಇಲ್ಲ. ಇಳಿಜಾರಿನಲ್ಲಿ ಮುಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಡಲೇಬೇಕು. ಸ್ಟ್ಯಾಂಡ್ ಅಡಿಗೂ ಪ್ಲೈವುಡ್ ತುಂಡು ಇಡಿ, ಇಲ್ಲದಿದ್ದರೆ ಟೈಲ್ಸ್ ಬಿರಿಯುತ್ತದೆ.

ಕ್ಯಾರಿಯರ್ ಹೊರಬರಬೇಕಾದರೆ ಮೊದಲು ಎರಡೂ ಕಡೆಯ ಆಕ್ಸಲ್ ಎಳೆಯಬೇಕು. ಅದಕ್ಕೆ ಸ್ಲೈಡ್ ಹ್ಯಾಮರ್ (ಜಾರುವ ಭಾರದ ಏಟಿನಿಂದ ಎಳೆಯುವ ಸಾಧನ) ಕೊಳ್ಳಬೇಡಿ, ದಂಡ. ಡ್ರಮ್ ಹಿಂದಿರುವ ಬ್ಯಾಕಿಂಗ್ ಪ್ಲೇಟ್‌ನ ನಟ್ ಮತ್ತು ಬ್ರೇಕ್ ಪೈಪ್ ಬಿಚ್ಚಿ. ಬ್ರೇಕ್ ಡ್ರಮ್ ಉಲ್ಟಾ ಹಾಕಿ, ವೀಲ್ ನಟ್‌ಗಳನ್ನು ಸ್ಟಡ್ ತುದಿಯಲ್ಲಷ್ಟೇ ಕೂರಿಸಿ, ಎರಡೂ ಕೈಯಲ್ಲಿ ಹಿಡಿದು ರಪ್ಪನೆ ಹೊರಗೆ ಜಗ್ಗಿ. ಡ್ರಮ್ಮೇ ಸುತ್ತಿಗೆ ಆಗುತ್ತದೆ. ಕೊನೆಗೆ ಬ್ರೇಕ್ ಬ್ಲೀಡ್ ಮಾಡಬೇಕು (ಪೈಪಿನಲ್ಲಿ ಸೇರಿದ ಗಾಳಿ ತೆಗೆಯಬೇಕು) ಅನ್ನುವುದೊಂದೇ ಕಷ್ಟ.

ಬಿಗಿದ ಬೋಲ್ಟ್ ಬಿಚ್ಚಲು ಇಂಪ್ಯಾಕ್ಟ್ ಗನ್ನೋ, ಉದ್ದ ಹಿಡಿಯ ಬ್ರೇಕರ್ ಬಾರೋ? ನನಗೆ ಬಾರ್. ಭಾನುವಾರ ಮಧ್ಯಾಹ್ನ ಗನ್ ಹೊಡೆದರೆ ಮೇಲಿನ ಮನೆಯವರು ಇಳಿದು ಬರುತ್ತಾರೆ.

ಲಿಫ್ಟ್ ಇದ್ದರೆ, ಇಲ್ಲವೇ ನುಣ್ಣನೆಯ ಸಮತಟ್ಟಾದ ಸಿಮೆಂಟ್ ನೆಲ ಇದ್ದರೆ, ಟ್ರಾನ್ಸ್‌ಮಿಷನ್ ಜಾಕ್ ಸುಖ. ವರ್ಷಕ್ಕೊಮ್ಮೆ ಗಾಡಿ ಕೆಳಗೆ ಮಲಗುವ ನನಗೆ ಅಷ್ಟು ದುಡ್ಡು ಹಾಕಲು ಮನಸ್ಸಿಲ್ಲ, ಇಡಲು ಜಾಗವೂ ಇಲ್ಲ. ಕತ್ತರಿ ಜಾಕ್ ಅದರ ಅರ್ಧ ಬೆಲೆಗಿಂತ ಕಡಿಮೆಗೆ ಬಂತು, ಜಿಪ್ಸಿಯ ಸೀಟಿನ ಹಿಂದೆ ಕೂರುತ್ತದೆ. ಬೈಕ್ ಚೈನ್ ತೊಳೆಯುವಾಗಲೂ ಅದೇ ಬೇಕು, ಅಲ್ವಾ?