ಕಾರಿನ ಸ್ಪೀಕರ್: ಆನ್‌ಲೈನೋ, ಹಾಸನದ ಅಂಗಡಿಯೋ?

ಬೆಲೆ, ಆಯ್ಕೆ ಎರಡರಲ್ಲೂ ಆನ್‌ಲೈನೇ ಮುಂದು. ಆದರೆ ಡಬ್ಬಿಯ ಮೇಲಿನ ‘300 ವಾಟ್’ ಸಾಮಾನ್ಯವಾಗಿ ಪೀಕ್ (ಕ್ಷಣಮಾತ್ರದ ಗರಿಷ್ಠ) ಲೆಕ್ಕ, ಆರ್‌ಎಂಎಸ್ (ಸತತವಾಗಿ ತಾಳುವ ವಾಟ್) ನೋಡಿ. ಸ್ಪೀಕರಿನ 6.5 ಇಂಚು ಅಗಲ ಸರಿಹೊಂದಿದರೂ ಆಳ ಹೆಚ್ಚಾದರೆ, ಗಾಜು ಇಳಿಸಿದಾಗ ಅದರ ಹಿಂದಿನ ಮ್ಯಾಗ್ನೆಟ್‌ಗೆ ತಾಗುತ್ತದೆ. ಅಂಗಡಿಯಲ್ಲಾದರೆ ಡೋರ್ ಪ್ಯಾಡ್ ಬಿಚ್ಚಿಸಿ ಅಳತೆ ನೋಡಬಹುದು, ಸದ್ದು ಕೇಳಿಯೇ ಕೊಳ್ಳಬಹುದು.

ಅಲ್ಲಿ ಪಕ್ಕದಲ್ಲೇ ನಿಂತು ನೋಡಬೇಕಾದ್ದು ವೈರಿಂಗ್. ಕಂಪನಿ ವೈರ್ ಕತ್ತರಿಸಿ ಟೇಪ್ ಸುತ್ತಿದರೆ ಕಾರಿನ ವಾರಂಟಿಗೆ ತಕರಾರು ಬರಬಹುದು, ಕಪ್ಲರ್ (ವೈರ್ ಕತ್ತರಿಸದೆ ಸಿಕ್ಕಿಸುವ ಕನೆಕ್ಟರ್) ಹಾಕಿಸಿ. ಬಾಗಿಲೊಳಗಿನ ಪ್ಲಾಸ್ಟಿಕ್ ಹಾಳೆ ಹರಿದರೆ ಸಕಲೇಶಪುರದ ಮಳೆಗೆ ನೀರು ಒಳಬರುತ್ತದೆ. ಆಂಪ್ಲಿಫೈಯರ್ ಇದ್ದರೆ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಫ್ಯೂಸ್ ಇರಲಿ. ವೈರಿನ ಎಳೆ ಕೆರೆದಾಗ ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬೇಡ.

ಆನ್‌ಲೈನ್ ಮಾಲು ಕೂರಿಸಲು ಕೂಲಿ ಬೇರೆ. ಡ್ಯಾಂಪಿಂಗ್ ಶೀಟು (ಬಾಗಿಲಿನ ತಗಡು ಅದುರದಂತೆ ಅಂಟಿಸುವ ಹಾಳೆ) ಆನ್‌ಲೈನಲ್ಲಿ ತರಿಸಿ. ಸ್ಟೀರಿಯೊ, ಆಂಪ್ಲಿಫೈಯರ್ ಅಂಗಡಿಯಲ್ಲೇ ತಗೊಳ್ಳಿ, ಜಿಎಸ್‌ಟಿ ಬಿಲ್ಲಿನೊಂದಿಗೆ.