ಬೆಳ್ಳಿ ರೂಪಾಯಿಗೆ ರಟ್ಟಿನ ಹೋಲ್ಡರ್: ಡೊಂಬಿವಲಿಯಿಂದ ಒಂದು ರಿವ್ಯೂ

ಮನೆಯಲ್ಲಿ ಅಜ್ಜಿಯ ಕಾಲದ ಬೆಳ್ಳಿ ರೂಪಾಯಿ ಇದ್ದರೆ ಪ್ಲಾಸ್ಟಿಕ್ ಆಲ್ಬಮ್ ಬಿಟ್ಟು ಇದನ್ನು ತಗೊಳ್ಳಿ. ಎರಡಿಂಚಿನ ಚೌಕ ರಟ್ಟು, ನಡುವೆ ದುಂಡನೆಯ ಕಿಟಕಿ, ಕಿಟಕಿಗೆ ಮೈಲಾರ್ ಅನ್ನುವ ತೆಳು ಪಾರದರ್ಶಕ ಪಾಲಿಯೆಸ್ಟರ್ ಹಾಳೆ. ನಾಣ್ಯ ಇಟ್ಟು ಮಡಚಿ ಸ್ಟೇಪ್ಲರ್ ಹೊಡೆದರೆ ಆಯಿತು. ಮುಂಬೈನ ಫೋರ್ಟ್‌ನಲ್ಲಿ ನಾಣ್ಯ ಮಾರುವವರ ಹತ್ತಿರ ತಂದೆ, ಒಂದಕ್ಕೆ ಏಳೆಂಟು ರೂಪಾಯಿ ಬಿತ್ತು. ಬ್ರಿಟಿಷರ ರೂಪಾಯಿ ಅಗಲ 30 ಮಿ.ಮೀ.ಗಿಂತ ತುಸು ಜಾಸ್ತಿ, ಹಾಗಾಗಿ 32.5 ಮಿ.ಮೀ. ಕಿಟಕಿಯದ್ದನ್ನೇ ಕೇಳಿ.

ನನಗೆ ಹಿಡಿಸಿದ್ದು, ಮುಟ್ಟದೆಯೇ ಎರಡೂ ಮುಖ ನೋಡಬಹುದು. ನನ್ನದು ಐದನೇ ಜಾರ್ಜ್ ರಾಜನ ಚಿತ್ರವಿರುವ 1918ರ ರೂಪಾಯಿ. ಇಸವಿ ಇರುವ ಬದಿಯಲ್ಲಿ, ಕೆಳಗಿನ ಹೂವಿನ ಅಡಿಗೆ ಸಾಸಿವೆಗಿಂತ ಸಣ್ಣ ಚುಕ್ಕೆ ಇದೆ. ಚುಕ್ಕೆ ಇದ್ದರೆ ಬಾಂಬೆ ಟಂಕಸಾಲೆ, ಇಲ್ಲದಿದ್ದರೆ ಕಲ್ಕತ್ತಾ. ನಾನು ದಿನಾ ಲೋಕಲ್ ಹಿಡಿದು ಹೋಗುವ ಫೋರ್ಟ್‌ನಲ್ಲೇ ಅಚ್ಚಾದ ನಾಣ್ಯ ಅಂತ ಗೊತ್ತಾದಾಗ ತುಂಬ ಖುಷಿಯಾಯಿತು. ರಟ್ಟಿನ ಅಂಚಿನಲ್ಲಿ ಇಸವಿ, ಟಂಕಸಾಲೆ, ತೂಕ ಬರೆದಿಟ್ಟಿದ್ದೇನೆ. ಸರಿಯಾದ ತೂಕ 11.66 ಗ್ರಾಂ. ಸವೆದದ್ದು ಸ್ವಲ್ಪ ಕಡಿಮೆ ತೂಗುತ್ತದೆ, ತೀರಾ ಕಡಿಮೆ ಬಂದರೆ ಅನುಮಾನ ಪಡಿ.

1918ರದ್ದು ಬೇಕಾದಷ್ಟು ಸಿಗುತ್ತದೆ. ಸವೆದದ್ದಾದರೆ ಬೆಳ್ಳಿಯ ಬೆಲೆಗಿಂತ ಬಹಳ ಮೇಲೇನೂ ಹೋಗುವುದಿಲ್ಲ. ಅದರಲ್ಲಿ ಹೆಚ್ಚುಕಡಿಮೆ 10.7 ಗ್ರಾಂ ಅಪ್ಪಟ ಬೆಳ್ಳಿ ಇರುತ್ತದೆ. 1911 ಅಂತ ಇದ್ದರೆ ಮಾತ್ರ ಜೋಪಾನ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆ ಎಂದು ಜನ ಸಿಟ್ಟಾಗಿ, ಸರ್ಕಾರ ಅದನ್ನು ವಾಪಸ್ ಪಡೆಯಿತು. 1912ರಲ್ಲಿ ಆನೆಯನ್ನು ತಿದ್ದಿದರು. 1947ರ ರೂಪಾಯಿ ಬೆಳ್ಳಿಯದಲ್ಲ, ನಿಕ್ಕಲ್; ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ.

"ಹುಣಸೆಹಣ್ಣು ಹಾಕಿ ತಿಕ್ಕು ಮಗಾ, ಫಳಫಳ ಹೊಳೆಯುತ್ತೆ" ಅಂದರು ಅತ್ತೆ. "ಬೇಡ ಅತ್ತೆ, ಬೆಲೆನೇ ಹೋಗುತ್ತೆ" ಅಂದೆ. ವರ್ಷಗಟ್ಟಲೆ ಕೂತ ಆ ಕಪ್ಪು ಛಾಯೆಯನ್ನೇ ಸಂಗ್ರಹಕಾರರು ಹುಡುಕುತ್ತಾರೆ ಅಲ್ವಾ? ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಮ್‌ನಲ್ಲಿ ಇಟ್ಟರೆ ಬರಬರುತ್ತಾ ಹಸಿರು ಜಿಗುಟು ಹಿಡಿಯುತ್ತದೆ. ಮೈಲಾರ್‌ಗೆ ಆ ಕಾಟ ಇಲ್ಲ.

ಕೊರತೆ ಒಂದೇ, ಸ್ಟೇಪ್ಲರ್ ಪಿನ್ನು. ಇಲ್ಲಿನ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಎದ್ದ ತುದಿ ಪಕ್ಕದ ಹೋಲ್ಡರಿನ ಹಾಳೆ ಗೀರುತ್ತದೆ. ಇಕ್ಕಳದಿಂದ ಚಪ್ಪಟೆ ಮಾಡಿ, ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ಗಮ್ ಇರುವ ಹೋಲ್ಡರ್ ಕೂಡ ಬರುತ್ತದೆ, ಬೆಲೆ ತುಸು ಜಾಸ್ತಿ. ಮುಂದಿನ ಸಲ ನಾನು ತರುವುದು ಅದನ್ನೇ.